ಧಾರವಾಡದ ಅರ್ಜಿ, ಮುಂಬೈನ ಪ್ಯಾರಾ

ಇಂಗ್ಲಿಷ್ ಬೇಕೋ ಬೇಡವೋ ಅನ್ನೋ ಜಗಳ ನಮ್ಮ ದಲಿತ ವಲಯದಲ್ಲಿ ಸಾಕಷ್ಟು ನಡೆದಿದೆ. ಆದರೆ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಕಟ್ಟೋದು ಅಂದರೇನು ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಕೈಗೆತ್ತಿಕೊಂಡಿದ್ದು ಕಡಿಮೆ. ಅದು ವ್ಯಾಕರಣದ ಮಾಸ್ತರರ ಕೆಲಸ ಅಂತ ಬಿಟ್ಟುಕೊಟ್ಟಿದ್ದೇವೆ. ಈ ಪ್ಯಾರಾಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಚರಿತ್ರೆ ಇದೆ.

ನಮ್ಮ ಜಿಲ್ಲೆ ಅಂದರೆ ಹಳೆಯ ಧಾರವಾಡ. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲೀತನಕ ಕಾಗಿನೆಲೆ, ಬ್ಯಾಡಗಿ, ರಾಣೇಬೆನ್ನೂರಿನ ಮಂದಿಗೆ ದೊಡ್ಡ ಕಚೇರಿ ಅಂದರೆ ಧಾರವಾಡವೇ. 1856ರ ಜೂನ್ ತಿಂಗಳಲ್ಲಿ ಅಲ್ಲಿನ ಸರ್ಕಾರಿ ಶಾಲೆಗೆ ಸೇರಲು ಬಂದ ಒಬ್ಬ ಮಹಾರ ಹುಡುಗನನ್ನು ಹೊರಗಿಟ್ಟರು. ಅವನು ಸುಮ್ಮನೆ ಮನೆಗೆ ಹೋಗಲಿಲ್ಲ, ಮುಂಬೈ ಸರ್ಕಾರಕ್ಕೆ ಅರ್ಜಿ ಹಾಕಿದ. ವುಡ್‌ನ ಶಿಕ್ಷಣ ಡಿಸ್ಪ್ಯಾಚ್ ಬಂದು ಆಗ ಎರಡೇ ವರ್ಷ. ಶಾಲೆ ಸರ್ಕಾರದ್ದು, ರೊಕ್ಕ ಸರ್ಕಾರದ್ದು, ಬಾಗಿಲು ಮಾತ್ರ ಮೇಲ್ಜಾತಿಯವರದು. ನಾನು ಓದಿದ ಪುಟಗಳಲ್ಲೆಲ್ಲ ಈ ಹುಡುಗನಿಗೆ ಹೆಸರಿಲ್ಲ. ಜಾತಿ ಇದೆ, ಊರಿದೆ, ತಿಂಗಳಿದೆ.

ಜುಲೈನಲ್ಲಿ ಮುಂಬೈ ಸರ್ಕಾರ ಉತ್ತರ ಕೊಟ್ಟಿತು. ಆ ಉತ್ತರ ಇಂಗ್ಲಿಷಿನ ಒಂದು ಅಚ್ಚುಕಟ್ಟಾದ ಪ್ಯಾರಾ. ಮೊದಲು, ಈ ಸಂಗತಿ ಬಹಳ ಕಷ್ಟದ್ದು ಎನ್ನುತ್ತದೆ. ಆಮೇಲೆ, ತಾತ್ವಿಕವಾಗಿ ನ್ಯಾಯ ಅರ್ಜಿದಾರನ ಕಡೆಗೇ ಇದೆ ಎಂದು ಒಪ್ಪಿಕೊಳ್ಳುತ್ತದೆ. ಅವನಿಗೆ ಅಡ್ಡ ಬಂದಿರುವ ಪೂರ್ವಗ್ರಹ ಬೇಗ ಹೋಗಲಿ ಎಂದು ಹಾರೈಸುತ್ತದೆ. ಇಲ್ಲಿಗೆ ಬಂದಾಗ ಓದುಗ ಹುಡುಗನ ಸೀಟು ಗ್ಯಾರಂಟಿ ಅಂದುಕೊಳ್ಳಬೇಕು. ಆಗ ಬರುತ್ತದೆ ‘ಆದರೆ’. ಒಬ್ಬಿಬ್ಬರ ಸಲುವಾಗಿ ಯುಗಯುಗಗಳ ಪೂರ್ವಗ್ರಹಕ್ಕೆ ಅವಸರದಲ್ಲಿ ಕೈಹಾಕಿದರೆ ಶಿಕ್ಷಣಕ್ಕೇ ಧಕ್ಕೆ. ಕೊನೆಗೆ, ಈ ಅನನುಕೂಲ ನಾವು ಹುಟ್ಟಿಸಿದ್ದಲ್ಲ, ಆದ್ದರಿಂದ ತಟ್ಟನೆ ನಾವು ತೆಗೆಯಲಾರೆವು ಅಂತ ಕೈತೊಳೆದುಕೊಳ್ಳುವುದು.

ಪ್ರಬಂಧ ಬರೆಯುವುದನ್ನು ಕಲಿಸುವಾಗ ಕಾಲೇಜಿನಲ್ಲಿ ನಮಗೆ ಹೇಳುತ್ತಿದ್ದುದು ಇದನ್ನೇ: ಎದುರಾಳಿಯ ಮಾತನ್ನು ಮೊದಲು ಒಪ್ಪು, ಆಮೇಲೆ ತಿರುಗಿಸು, ಸಮಾಧಾನದ ಧ್ವನಿ ಬಿಡಬೇಡ. ಬೈಗುಳ ಇಲ್ಲ, ‘ಹೊಲಸು’ ಅನ್ನೋ ಶಬ್ದ ಇಲ್ಲ. ಊರಿನ ಗೌಡ ಬಾಯಿಂದ ಉಗುಳಿ ಮಾಡೋ ಕೆಲಸವನ್ನು ಈ ಪ್ಯಾರಾ ಬಿಳಿ ಕಾಗದದ ಮೇಲೆ ಸಭ್ಯವಾಗಿ ಮಾಡಿ ಮುಗಿಸಿತು. ಇದನ್ನು ಬರೀ ವಸಾಹತುಶಾಹಿಯ ಕಪಟ ಅಂದುಬಿಟ್ಟರೆ ಅರ್ಧ ಸತ್ಯ. ಕಲ್ಕತ್ತೆಯ ಸರ್ಕಾರವೇ 1857ರಲ್ಲಿ, ಬಂಗಾಳದಲ್ಲಾಗಿದ್ದರೆ ಈ ಹುಡುಗನಿಗೆ ಬಹುಶಃ ಹೀಗೆ ಆಗುತ್ತಿರಲಿಲ್ಲ ಎಂಬರ್ಥದ ಮಾತು ಬರೆಯಿತು. 1858ರಲ್ಲಿ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲ ವರ್ಗಕ್ಕೂ ತೆರೆದಿರಬೇಕು ಎಂದರು. ಕಾಗದ ತೆರೆಯಿತು, ಬಾಗಿಲು ತೆರೆಯಲಿಲ್ಲ. 1882ರ ಹಂಟರ್ ಆಯೋಗ ಇದೇ ಪ್ರಶ್ನೆಯನ್ನು ಮತ್ತೆ ಹಿಡಿದುಕೊಂಡು ಕೂರಬೇಕಾಯಿತು.

ಈ ಪ್ಯಾರಾಕ್ಕೆ ಉತ್ತರ ಬರಲು ಎಪ್ಪತ್ತೆರಡು ವರ್ಷ ಹಿಡಿಯಿತು. 1928ರಲ್ಲಿ ಬಾಬಾಸಾಹೇಬರು ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಮುಂಬೈ ಪ್ರಾಂತದ ದಲಿತರ ಶಿಕ್ಷಣದ ಬಗ್ಗೆ ಬರೆದು ಕೊಟ್ಟ ಹೇಳಿಕೆಯಲ್ಲಿ ಧಾರವಾಡದ ಈ ಪ್ರಕರಣ ಬರುತ್ತದೆ. ಸರ್ಕಾರದ ಮಾತನ್ನು ಸರ್ಕಾರದ ಮುಂದೆಯೇ ಇಟ್ಟರು. ಕಣ್ಣೀರು ಹಾಕಲಿಲ್ಲ. ಸಾಕ್ಷಿ, ಅಂಕಿ, ತೀರ್ಮಾನ, ಇಷ್ಟೇ. 1936ರ ‘ಜಾತಿ ವಿನಾಶ’ದಲ್ಲೂ ಇದೇ ಪಟ್ಟು. ಲಾಹೋರಿನ ಜಾತ್‌-ಪಾತ್‌ ತೋಡಕ್‌ ಮಂಡಲ ಆ ಭಾಷಣ ಬೇಡವೆಂದಾಗ ತಮ್ಮ ರೊಕ್ಕದಿಂದ ಅಚ್ಚು ಹಾಕಿಸಿದ ಪುಸ್ತಕ ಅದು. ಅದರಲ್ಲಿ ಜಾತಿಯೆಂದರೆ ಶ್ರಮದ ಹಂಚಿಕೆ ಅನ್ನೋರ ವಾದವನ್ನು ಅವರು ಹೇಗೆ ಬಿಚ್ಚುತ್ತಾರೆ ನೋಡಿ. ಮೊದಲು ಆ ವಾದವನ್ನು ಅದರ ಪೂರ್ಣ ಬಲದಲ್ಲಿ ನಿಲ್ಲಿಸುತ್ತಾರೆ. ಆಮೇಲೆ ಹಂಚಿಹೋದದ್ದು ಕೆಲಸವಷ್ಟೇ ಅಲ್ಲ, ದುಡಿಯುವ ಮನುಷ್ಯರೂ ಅಂತ ತೋರಿಸುತ್ತಾರೆ. ಆ ಮನುಷ್ಯರನ್ನು ಮೇಲೆಕೆಳಗೆ ಜೋಡಿಸಿದೆ ಅಂತ ಇನ್ನೊಂದು ಹೆಜ್ಜೆ. ಇದರಲ್ಲಿ ಅವರವರ ಇಷ್ಟಕ್ಕೆ, ಯೋಗ್ಯತೆಗೆ ಜಾಗವಿಲ್ಲ ಅಂತ ಮತ್ತೊಂದು. ಒಂದು ವಾಕ್ಯ ಕಿತ್ತರೆ ಮುಂದಿನದು ಬೀಳುತ್ತದೆ. ಮುಂಬೈನ ಪ್ಯಾರಾ ‘ಆದರೆ’ಯನ್ನು ಬಾಗಿಲು ಮುಚ್ಚಲು ಬಳಸಿತ್ತು. ಇವರು ಅದೇ ‘ಆದರೆ’ಯಿಂದ ಚಿಲಕ ತೆಗೆದರು.

ನಮ್ಮ ಹಾಸ್ಟೆಲಿನಲ್ಲಿ ಇಂಗ್ಲಿಷ್ ಪ್ರಬಂಧ ಅಂದರೆ ಗೈಡು ಬಾಯಿಪಾಠ. ಹಸು, ರೈಲು ಪ್ರಯಾಣ, ಸಮಯದ ಮಹತ್ವ. ರೈಲು ಹತ್ತದವನೂ ಕಿಟಕಿ ಪಕ್ಕದ ಸೀಟಿನ ಆನಂದ ಬರೀತಿದ್ದ. ಹೇಳೋದಕ್ಕೆ ತನ್ನದೊಂದು ಮಾತಿಲ್ಲದೆ ಪ್ಯಾರಾ ಕಟ್ಟೋದು ಅಂದರೆ ಹೆಣಕ್ಕೆ ಅಂಗಿ ಹೊಲೆದ ಹಾಗೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಾಗ ನಾಡೆಲ್ಲ ‘ಬೂಸಾ’ ಎಂಬ ಒಂದೇ ಶಬ್ದವನ್ನು ಹಿಡಿದು ಕುಣಿಯಿತು, ಅವರ ಮಂತ್ರಿ ಪದವಿಯೂ ಹೋಯಿತು. ದಲಿತ ಹುಡುಗರು ಇಂಗ್ಲಿಷ್ ಕಲಿಯಲಿ ಎಂಬ ಮಾತು ಗದ್ದಲದಲ್ಲಿ ಮುಚ್ಚಿಹೋಯಿತು. 2019ರಲ್ಲಿ ಸರ್ಕಾರ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಲು ಹೊರಟಾಗಲೂ ಜಗಳ ಮಾಧ್ಯಮದ್ದೇ. ಹುಡುಗಿ ಏನು ಬರೀತಾಳೆ ಅಂತ ಕೇಳಿದವರು ವಿರಳ.

ವಾದ ಕಟ್ಟೋದು ಇಂಗ್ಲಿಷರು ತಂದ ವಿದ್ಯೆ ಅನ್ನೋರು ಕಾಗಿನೆಲೆಗೆ ಬರಬೇಕು. ಕನಕನ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿ ತನ್ನ ಕುಲ ಹೇಳಿಕೊಳ್ಳುತ್ತದೆ, ರಾಗಿ ತಿರುಗಿ ಕೇಳುತ್ತದೆ. ಮಾತಿನಲ್ಲಿ ಬಗೆಹರಿಯದ್ದಕ್ಕೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ, ಕೆಡದೆ ಉಳಿದದ್ದು ರಾಗಿ. ಹೇಳಿಕೆ, ಪ್ರತಿವಾದ, ಪರೀಕ್ಷೆ, ಮೂರೂ ಇವೆ. (ಕನಕ ದಲಿತನಲ್ಲ. ಅವನನ್ನು ನಮ್ಮ ಪಟ್ಟಿಗೆ ಎಳೆದುಕೊಳ್ಳೋ ಉಮೇದು ನನಗಿಲ್ಲ.)

ಈಗ ರಜೆಯಲ್ಲಿ ಕಾಗಿನೆಲೆ ಸುತ್ತಿನ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುವಾಗ ನಾನು ಹಸುವನ್ನು ಬಿಟ್ಟಿದ್ದೇನೆ. 1856ರ ಸರ್ಕಾರದ ಉತ್ತರವನ್ನು ಹಲಗೆ ಮೇಲೆ ಬರೆದು, ಇದಕ್ಕೆ ಆರು ವಾಕ್ಯದಲ್ಲಿ ಉತ್ತರ ಕೊಡ್ರಿ ಅಂತೀನಿ. ಹೋದ ವರ್ಷ ಒಬ್ಬಾಕಿ ‘ಒಬ್ಬಿಬ್ಬರ ಸಲುವಾಗಿ’ ಎಂಬ ಮಾತನ್ನೇ ಹಿಡಿದಳು. ಒಬ್ಬಿಬ್ಬರು ಅಂತ ಎಣಿಸಿದವರು ಯಾರು, ಕೇರಿಗೆ ಬಂದು ಎಣಿಸಿದ್ದರೇ ಅಂತ ಅವಳ ಮೊದಲ ವಾಕ್ಯ. ಕ್ರಿಯಾಪದದ ಕಾಲ ತಪ್ಪಿತ್ತು. ಅದನ್ನು ತಿದ್ದಿ, ಮಿಕ್ಕ ಐದು ವಾಕ್ಯ ಬರಿ ಅಂದೆ.