ಕ್ವೇಕರ್ ಸಿಟಿ ಹಡಗಿನ ಸಹಪ್ರವಾಸಿಗಳು



ಗುಂಪು ಕಟ್ಟಿಕೊಂಡು ವಿಹಾರಕ್ಕಾಗಿ ಸಮುದ್ರಯಾನ ಹೊರಡುವುದು ಇಂದು ಅಪರೂಪದ ಸಂಗತಿಯಲ್ಲ. ನಿಮ್ಮಲ್ಲಿಯೇ ಕೆಲವರು ವಿಹಾರ ನೌಕೆಗಳನ್ನೇರಿ ಬಂದು ನನಗೆ ಚಿತ್ರಗಳನ್ನು ಕಳುಹಿಸಿದ್ದೀರಿ. ಹೊರಡುವುದಕ್ಕೆ ಮೊದಲು ಯಾವ ಬಂದರು, ಎಷ್ಟು ದಿನ, ಯಾವ ಊರನ್ನು ಬಿಡಬೇಕು, ಯಾವುದನ್ನು ಸೇರಿಸಬೇಕು ಎಂದು ತಿಂಗಳುಗಟ್ಟಲೆ ಚರ್ಚೆ ನಡೆಯುವುದೂ ನನಗೆ ಗೊತ್ತು. ಈ ಬಗೆಯ ಚರ್ಚೆಗೂ ಒಂದು ಇತಿಹಾಸವಿದೆ. ಅದರಲ್ಲಿ ಬಹು ಮುಖ್ಯವಾದ ಒಂದು ಪುಟ 1867ನೇ ಇಸವಿಗೆ ಸೇರಿದ್ದು. ಇತಿಹಾಸದ ಮೇಷ್ಟರು ನಿವೃತ್ತರಾದರೂ ಪಾಠ ನಿಲ್ಲಿಸಲಿಲ್ಲವೆಂದು ನೀವು ನಗಬಹುದು, ನಗುತ್ತಲೇ ಓದಿ.

ಆ ವರ್ಷದ ಆರಂಭದಲ್ಲಿ ನ್ಯೂಯಾರ್ಕ್ ನಗರದಲ್ಲಿ ಒಂದು ಮುದ್ರಿತ ಕಾರ್ಯಕ್ರಮ ಪಟ್ಟಿ ಕೈಯಿಂದ ಕೈಗೆ ಹರಿದಾಡಿತು. ಪವಿತ್ರ ಭೂಮಿಯೆಂದು ಕ್ರೈಸ್ತರು ಕರೆಯುವ ಪ್ಯಾಲೆಸ್ಟೈನ್, ಈಜಿಪ್ಟ್, ಗ್ರೀಸ್, ಕ್ರೈಮಿಯಾ ಹಾಗೂ ನಡುವಿನ ನೋಡತಕ್ಕ ಸ್ಥಳಗಳಿಗೆ ಒಂದೇ ಹಡಗಿನಲ್ಲಿ ಹೋಗಿಬರುವ ಯೋಜನೆ ಅದು. ಬ್ರೂಕ್ಲಿನ್‌ನ ಪ್ಲಿಮತ್ ಚರ್ಚಿನ ಸದಸ್ಯರ ನಡುವೆ ಮೊಳೆತ ಈ ಯೋಜನೆಯ ಸೂತ್ರಧಾರ ಕ್ಯಾಪ್ಟನ್ ಚಾರ್ಲ್ಸ್ ಡಂಕನ್. ಹಡಗಿನ ಹೆಸರು ಕ್ವೇಕರ್ ಸಿಟಿ. ಪಕ್ಕಗಳಲ್ಲಿ ದೊಡ್ಡ ಚಕ್ರಗಳನ್ನು ಹೊಂದಿದ್ದ ಉಗಿ ಹಡಗು. ಅಮೆರಿಕದ ಅಂತರ್ಯುದ್ಧದಲ್ಲಿ ಅದು ಉತ್ತರದ ನೌಕಾಪಡೆಯ ಸೇವೆಯಲ್ಲಿತ್ತು. ಯುದ್ಧ ಮುಗಿದು ಎರಡೇ ವರ್ಷಗಳಾಗಿದ್ದವು. ಅಮೆರಿಕದಿಂದ ಹೀಗೆ ಸಂಘಟಿತವಾಗಿ ಹೊರಟ ಮೊದಲ ದೊಡ್ಡ ವಿಹಾರಯಾನವೆಂದು ಇತಿಹಾಸಕಾರರು ಇದನ್ನು ಗುರುತಿಸುತ್ತಾರೆ.

ಆ ಪಟ್ಟಿಯ ನಿಬಂಧನೆಗಳನ್ನು ಓದಿದರೆ ನಮ್ಮ ಇಂದಿನ ಪ್ರವಾಸ ಸಂಸ್ಥೆಗಳ ಜಾಹೀರಾತನ್ನೇ ಓದಿದಂತಾಗುತ್ತದೆ. ವಯಸ್ಕರಿಗೆ ಪ್ರಯಾಣದರ 1250 ಡಾಲರ್. ಶೇಕಡಾ 10ರಷ್ಟು ಹಣವನ್ನು ಖಜಾಂಚಿಯಲ್ಲಿ ಠೇವಣಿ ಇಡದ ಹೊರತು ಯಾರ ಸ್ಥಳವೂ ಕಾಯ್ದಿರಿಸಲ್ಪಡದು. ಕೋಣೆಯ ಆಯ್ಕೆ, ಊಟದ ಮೇಜಿನ ಆಸನ ಮೊದಲು ಬಂದವರಿಗೆ ಮೊದಲು. ದಡದ ಮೇಲಿನ ಖರ್ಚಿಗೆ ದಿನಕ್ಕೆ 5 ಡಾಲರ್ ಚಿನ್ನದ ನಾಣ್ಯ ಸಾಕು. ಬಂದರಿನಲ್ಲಿ ಇಳಿಯಲು ಇಷ್ಟವಿಲ್ಲದವರು ಹಡಗಿನಲ್ಲಿಯೇ ಉಳಿಯಬಹುದು, ಅದಕ್ಕೆ ಹೆಚ್ಚುವರಿ ಹಣವಿಲ್ಲ. ವೈದ್ಯರು, ಗ್ರಂಥಾಲಯ, ಸಂಗೀತ ವಾದ್ಯಗಳು ಹಡಗಿನಲ್ಲಿರುತ್ತವೆ. ಅರ್ಜಿ ಹಾಕಿದವರನ್ನೆಲ್ಲ ಸೇರಿಸಿಕೊಳ್ಳುವುದಿಲ್ಲ, ಒಂದು ಸಮಿತಿ ಪರಿಶೀಲಿಸಿ ಒಪ್ಪಬೇಕು. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದ ನಿಬಂಧನೆ ಬೇರೊಂದಿದೆ: ಪ್ರಯಾಣಿಕರೆಲ್ಲರೂ ಒಮ್ಮತದಿಂದ ಮತ ಹಾಕಿದರೆ ಯಾನದ ಅವಧಿಯನ್ನು ಹೆಚ್ಚಿಸಬಹುದು, ಮಾರ್ಗವನ್ನೂ ಬದಲಿಸಬಹುದು. ಬಹುಮತವಲ್ಲ, ಒಮ್ಮತ! ಒಬ್ಬನು ಬೇಡವೆಂದರೂ ಬದಲಾವಣೆಯಿಲ್ಲ. ಪ್ರತಿಯೊಬ್ಬ ಸಹಪ್ರವಾಸಿಯ ಮಾತಿಗೂ ಇಷ್ಟು ತೂಕ ಕೊಟ್ಟ ನಿಯಮವನ್ನು ಮೆಚ್ಚದಿರಲಾಗದು. ಆದರೆ ಈ ನಿಯಮಕ್ಕೂ ಒಂದು ಮಿತಿಯಿತ್ತು. ಅದನ್ನು ತೋರಿಸುವುದಕ್ಕಾಗಿಯೇ ಈ ಲೇಖನ.

ಈ ಯಾನದ ವಿವರಗಳು ನಮಗೆ ಇಷ್ಟು ಸ್ಪಷ್ಟವಾಗಿ ದೊರೆಯಲು ಮುಖ್ಯ ಕಾರಣ ಒಬ್ಬ ಪ್ರಯಾಣಿಕ. ಆಗ ಆತನಿಗೆ 31 ವರ್ಷ. ನಿಜನಾಮ ಸ್ಯಾಮ್ಯುಯೆಲ್ ಕ್ಲೆಮೆನ್ಸ್, ಲೋಕಕ್ಕೆ ಮಾರ್ಕ್ ಟ್ವೈನ್. ಸ್ಯಾನ್ ಫ್ರಾನ್ಸಿಸ್ಕೋದ ಆಲ್ಟಾ ಕ್ಯಾಲಿಫೋರ್ನಿಯಾ ಎಂಬ ಪತ್ರಿಕೆ ಆತನ ಪ್ರಯಾಣದರವನ್ನು ಕೊಟ್ಟು, ಪ್ರತಿಯಾಗಿ ದಾರಿಯುದ್ದಕ್ಕೂ ಪತ್ರಗಳನ್ನು ಬರೆಯಿಸಿಕೊಂಡಿತು. ಆ ಪತ್ರಗಳೇ ಮುಂದೆ 1869ರಲ್ಲಿ ‘ದಿ ಇನ್ನೊಸೆಂಟ್ಸ್ ಅಬ್ರಾಡ್’ ಎಂಬ ಗ್ರಂಥಕ್ಕೆ ತಳಹದಿಯಾದವು. ಹಾಸ್ಯಗಾರನ ಮಾತಾದ್ದರಿಂದ ಸ್ವಲ್ಪ ಉಪ್ಪುಖಾರ ಬೆರೆತಿರುತ್ತದೆ. ಅದನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕು.

ಯೋಜನೆಗೆ ಮೊದಲ ಪೆಟ್ಟು ಹಡಗು ಹೊರಡುವ ಮೊದಲೇ ಬಿತ್ತು. ಹೆಸರಾಂತ ಧರ್ಮೋಪದೇಶಕ ಹೆನ್ರಿ ವಾರ್ಡ್ ಬೀಚರ್ ಬರುತ್ತಾರೆ, ಅಂತರ್ಯುದ್ಧದ ವೀರ ಜನರಲ್ ಶೆರ್ಮನ್ ಬರುತ್ತಾರೆ ಎಂಬ ನಂಬಿಕೆಯ ಮೇಲೆ ಎಷ್ಟೋ ಜನ ಆಸಕ್ತಿ ತೋರಿದ್ದರು. ಇಬ್ಬರೂ ಬರಲಿಲ್ಲ. ನಿರೀಕ್ಷಿಸಿದ್ದಕ್ಕಿಂತ ಕಡಿಮೆ, ಎಪ್ಪತ್ತರ ಆಸುಪಾಸು ಜನ ಸೇರಿದರು. 1867ರ ಜೂನ್ 8ರಂದು ಹಡಗು ಕಟ್ಟೆಯನ್ನು ಬಿಟ್ಟಿತು. ಆದರೆ ಹೊರಗೆ ಬಿರುಗಾಳಿಯಿದ್ದುದರಿಂದ ಬಂದರಿನಲ್ಲಿಯೇ ಲಂಗರು ಹಾಕಿ ಎರಡು ದಿನ ಕಾಯಬೇಕಾಯಿತು. ದೊಡ್ಡವರ ಹೆಸರನ್ನು ನಂಬಿ ಟಿಕೇಟು ಕೊಂಡವರು ಆ ಎರಡು ದಿನಗಳಲ್ಲಿ ಪರಸ್ಪರರ ಮುಖವನ್ನು ಸರಿಯಾಗಿ ನೋಡಿಕೊಂಡಿರಬೇಕು. ಹಡಗಿನಲ್ಲಿ ಹೆಚ್ಚಿನವರು ನಡುಹರೆಯ ದಾಟಿದವರು. ಪ್ರತಿ ಸಂಜೆ ಪ್ರಾರ್ಥನಾ ಸಭೆ, ಬಿಡುವಿನಲ್ಲಿ ಡಾಮಿನೋ ಆಟ. ಉತ್ಸಾಹದಿಂದ ದಿನಚರಿ ಬರೆಯಲು ತೊಡಗಿದವರು ಅನೇಕರಾದರೂ ಕೊನೆಯವರೆಗೆ ಬರೆದವರು ಕೆಲವರೇ. ರಜೆಯಲ್ಲಿ ದಿನಚರಿ ಬರೆಯಿರೆಂದು ನಾನು ಹೇಳಿದಾಗ ನೀವು ಮಾಡಿದ್ದೂ ಅದನ್ನೇ!

ಅಜೋರಸ್ ದ್ವೀಪಗಳು, ಜಿಬ್ರಾಲ್ಟರ್, ಮಾರ್ಸೇಲ್ಸ್ ಹೀಗೆ ಹಡಗು ಮುಂದುವರಿಯಿತು. ಇಲ್ಲಿ ಯೋಜಕರ ಜಾಣ್ಮೆಯನ್ನು ಹೊಗಳಬೇಕು. ಹಡಗಿನ ದಾರಿ ನಿಶ್ಚಿತ, ಪ್ರವಾಸಿಗಳ ದಾರಿ ಸ್ವತಂತ್ರ. ಮಾರ್ಸೇಲ್ಸ್‌ನಲ್ಲಿ ಇಳಿದವರು ರೈಲಿನಲ್ಲಿ ಪ್ಯಾರಿಸ್ಸಿಗೆ ಹೋಗಿ ಆ ವರ್ಷದ ವಿಶ್ವ ವಸ್ತುಪ್ರದರ್ಶನವನ್ನು ನೋಡಿ ಬಂದರು. ಇಟಲಿಯಲ್ಲಿ ಕೆಲವರು ಮಿಲಾನ್, ವೆನಿಸ್, ಫ್ಲಾರೆನ್ಸ್, ರೋಮ್‌ಗಳನ್ನು ನೆಲದ ಮಾರ್ಗವಾಗಿ ನೋಡಿ ನೇಪಲ್ಸ್‌ನಲ್ಲಿ ಹಡಗನ್ನು ಕೂಡಿಕೊಳ್ಳುವಂತೆ ಏರ್ಪಾಡು ಮಾಡಿಕೊಂಡರು. ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಿ ಎಳೆಯದೆ, ಚದುರಲು ಬಿಟ್ಟು, ಮತ್ತೆ ಸೇರುವ ಸ್ಥಳವನ್ನು ಮಾತ್ರ ಗೊತ್ತುಪಡಿಸುವುದು ಗುಂಪು ಪ್ರವಾಸದ ಒಳ್ಳೆಯ ಸೂತ್ರವೆಂದು ನಾನು ಇಂದಿಗೂ ನಂಬುತ್ತೇನೆ.

ಆದರೆ ಆ ವರ್ಷ ಯುರೋಪಿನಲ್ಲಿ ಕಾಲರಾ ಹರಡಿತ್ತು. ಕೋಮೋ ಸರೋವರದ ದಡದಲ್ಲಿ ಇವರನ್ನು ಕೋಣೆಯೊಂದರಲ್ಲಿ ಕೂಡಿಹಾಕಿ ಹೊಗೆ ಹಾಕಿದರು. ನೇಪಲ್ಸ್ ತಲಪಿದಾಗ ಹಡಗಿಗೇ ದಿಗ್ಬಂಧನ. ವಿಚಿತ್ರವೇನೆಂದರೆ, ನೆಲದ ಮೇಲೆ ಅಲೆದಾಡುತ್ತ ಬಂದವರು ವೆಸುವಿಯಸ್ ಪರ್ವತವನ್ನು ಹತ್ತಿದರು. ಶಿಸ್ತಾಗಿ ಹಡಗಿನಲ್ಲಿಯೇ ಉಳಿದಿದ್ದವರು ಸೆರೆಯಾಳುಗಳಂತೆ ಊರನ್ನು ದೂರದಿಂದ ನೋಡುತ್ತ ಕುಳಿತರು. ಮುಂದೆ ಗ್ರೀಸ್‌ನ ಪಿರೇಯಸ್ ಬಂದರಿನಲ್ಲಿ ಹನ್ನೊಂದು ದಿನ ಕಾಯಬೇಕೆಂದು ಆಜ್ಞೆಯಾಯಿತು. ಅಷ್ಟು ಸಮಯವಿಲ್ಲದ ಕಾರಣ ಅಥೆನ್ಸನ್ನು ಬಿಟ್ಟು ಮುಂದೆ ಹೋಗಲು ನಿರ್ಧರಿಸಿದರು. ಟ್ವೈನ್ ಮತ್ತು ಮೂವರು ಗೆಳೆಯರು ರಾತ್ರಿ ಕಾವಲುಗಾರರ ಕಣ್ಣು ತಪ್ಪಿಸಿ ದಡ ಸೇರಿ, ಬೆಳುದಿಂಗಳಿನಲ್ಲಿ ಅಕ್ರೊಪೊಲಿಸ್ ನೋಡಿ ಬೆಳಗಾಗುವುದರೊಳಗೆ ಹಿಂದಿರುಗಿದರು. ಸಾಹಸ ಹೌದು, ರೋಗ ಹರಡುವ ಕಾಲದಲ್ಲಿ ಅನುಕರಣೀಯವಲ್ಲ. 2020ರಲ್ಲಿ ಡೈಮಂಡ್ ಪ್ರಿನ್ಸೆಸ್ ಎಂಬ ವಿಹಾರ ನೌಕೆ ಯೊಕೊಹಾಮಾದಲ್ಲಿ ಕೊರೊನಾ ದಿಗ್ಬಂಧನಕ್ಕೆ ಒಳಗಾದಾಗ ನನಗೆ ಈ ಪಿರೇಯಸ್ ಪ್ರಸಂಗವೇ ನೆನಪಾಯಿತು.

ಬಾಗಿಲು ಮುಚ್ಚಿದಂತೆಯೇ ಎಣಿಸದ ಬಾಗಿಲು ತೆರೆಯುವುದೂ ಉಂಟು. ಪಟ್ಟಿಯಲ್ಲಿಲ್ಲದಿದ್ದರೂ ಯಾಲ್ಟಾದಲ್ಲಿ ರಷ್ಯದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ದರ್ಶನ ಇವರಿಗೆ ದೊರಕಿತು. ರಷ್ಯವು ಅಲಾಸ್ಕಾವನ್ನು ಅಮೆರಿಕಕ್ಕೆ ಮಾರಿದ ವರ್ಷವೂ ಅದೇ. ಅರಸನ ಮುಂದೆ ಓದಬೇಕಾದ ಬಿನ್ನವತ್ತಳೆಯನ್ನು ಸಿದ್ಧಪಡಿಸಲು ಸಮಿತಿಯೊಂದು ರಚನೆಯಾಯಿತು. ಟ್ವೈನ್ ಅದರಲ್ಲಿ ಮುಖ್ಯನಾಗಿದ್ದ.

ಇನ್ನು ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೈರೂತಿನಲ್ಲಿ ಇಳಿದ ಮೇಲೆ ಎಂಟು ಜನರ ತಂಡವೊಂದು ಕುದುರೆಗಳ ಮೇಲೆ ಪ್ಯಾಲೆಸ್ಟೈನಿನ ಕಡೆಗೆ ಹೊರಟಿತು. ಬಾಲ್ಬೆಕ್ಕಿನಿಂದ ಡಮಾಸ್ಕಸ್ ಮೂರು ದಿನಗಳ ದಾರಿ. ಹಾಗೆ ಹೋದರೆ ಭಾನುವಾರವೂ ಪ್ರಯಾಣ ಮಾಡಬೇಕಾಗುತ್ತದೆ, ಅದು ವಿಶ್ರಾಂತಿಯ ದಿನ, ಧರ್ಮಕ್ಕೆ ವಿರುದ್ಧ ಎಂದು ಮೂವರು ಪಟ್ಟು ಹಿಡಿದರು. ಉಳಿದವರು ವಾದಿಸಿ ಸೋತರು. ಮೂರು ದಿನಗಳ ದಾರಿಯನ್ನು ಎರಡು ದಿನಗಳಲ್ಲಿ ಕ್ರಮಿಸುವುದೆಂದು ತೀರ್ಮಾನವಾಯಿತು. ದಣಿದು ಕುಂಟುತ್ತಿದ್ದ ಕುದುರೆಗಳನ್ನು ಉರಿಬಿಸಿಲಿನಲ್ಲಿ ಓಡಿಸಲಾಯಿತು. ಮೂಕಪ್ರಾಣಿಗಳನ್ನು ಹಿಂಸಿಸಿ ವ್ರತವನ್ನು ಉಳಿಸಿಕೊಳ್ಳುವುದು ಯಾವ ಧರ್ಮ ಎಂದು ಟ್ವೈನ್ ಇಲ್ಲಿ ಹಾಸ್ಯವನ್ನು ಬದಿಗಿಟ್ಟು ಕೋಪದಿಂದ ಬರೆಯುತ್ತಾನೆ.

ಇದನ್ನು ಓದಿದಾಗ ನನಗೆ ಹೊಳೆದದ್ದಿಷ್ಟು. ಒಮ್ಮತದ ನಿಯಮ ಹಣ ಕೊಟ್ಟವರನ್ನು ಮಾತ್ರ ಎಣಿಸುತ್ತದೆ. ಕುದುರೆಗೆ ಮತವಿಲ್ಲ. ಕುದುರೆಯ ಆಳಿಗೂ ಮತವಿಲ್ಲ. ಎಂಟು ಜನರೂ ಒಪ್ಪಿದ್ದರೆ ಆ ನಿರ್ಧಾರ ನ್ಯಾಯವಾಗಿಬಿಡುತ್ತಿತ್ತೇ? ಆ ಕುದುರೆಗಳ ಪಾಲಿಗೆ ಏನೂ ಬದಲಾಗುತ್ತಿರಲಿಲ್ಲ. ಗುಂಪಿನಲ್ಲಿ ಎಲ್ಲರೂ ಕೂಡಿ ಕೈಗೊಂಡ ತೀರ್ಮಾನದ ಭಾರವನ್ನು ಎಷ್ಟೋ ಸಲ ಗುಂಪಿನ ಹೊರಗಿರುವವರೇ ಹೊರುತ್ತಾರೆ. ಇದೇ ಪ್ರವಾಸದಲ್ಲಿ ಸಿಂಹನಾರಿಯ ವಿಗ್ರಹದ ಚೂರೊಂದನ್ನು ಸುತ್ತಿಗೆಯಿಂದ ಒಡೆಯಲು ಹೋದವನೂ ಇದ್ದ. ಎಫೆಸಸ್‌ನಲ್ಲಂತೂ ಈ ತಂಡ ಏನನ್ನೂ ಕೊಂಡೊಯ್ಯದಂತೆ ನೋಡಿಕೊಳ್ಳಿ ಎಂದು ಕಾನ್‌ಸ್ಟಾಂಟಿನೋಪಲ್ಲಿನಿಂದಲೇ ಆಜ್ಞೆ ಬಂದಿತ್ತಂತೆ. ಕಲ್ಲಿಗೂ ಮತವಿಲ್ಲ, ನಮ್ಮ ನಂತರ ನೋಡಲು ಬರುವವರಿಗೂ ಇಲ್ಲ.

ಅದೇ ಹಡಗಿನಲ್ಲಿ ಇದಕ್ಕೆ ವಿರುದ್ಧವಾದ ದೃಷ್ಟಾಂತವೂ ದೊರೆಯುತ್ತದೆ. 1866ರಲ್ಲಿ ಜಾರ್ಜ್ ಆಡಮ್ಸ್ ಎಂಬ ಉಪದೇಶಕನ ಮಾತನ್ನು ನಂಬಿ ಅಮೆರಿಕದ ಮೇಯ್ನ್ ಪ್ರಾಂತದ ನೂರೈವತ್ತಕ್ಕೂ ಹೆಚ್ಚು ಜನ ಜಾಫಾದಲ್ಲಿ ನೆಲಸಲು ಬಂದಿದ್ದರು. ರೋಗ, ಸಾವು, ಬೆಳೆನಾಶಗಳಿಂದ ಆ ವಸಾಹತು ಒಂದು ವರ್ಷದಲ್ಲಿಯೇ ಮುರಿದುಬಿತ್ತು. ಕ್ವೇಕರ್ ಸಿಟಿ ಜಾಫಾಕ್ಕೆ ಬಂದಾಗ ಅವರಲ್ಲಿ ಸುಮಾರು ನಲವತ್ತು ಮಂದಿ ಹಡಗನ್ನೇರಿ ಅಲೆಕ್ಸಾಂಡ್ರಿಯದವರೆಗೆ ಬಂದರು. ಮುಂದೆ ಊರಿಗೆ ಹೋಗಲು ಅವರ ಕೈಯಲ್ಲಿ ಹಣವಿರಲಿಲ್ಲ. ಸಹಪ್ರವಾಸಿಯಾಗಿದ್ದ ಮೋಸೆಸ್ ಬೀಚ್ ಎಂಬಾತ, ನ್ಯೂಯಾರ್ಕಿನ ‘ಸನ್’ ಪತ್ರಿಕೆಯ ಒಡೆಯ, ಇವರನ್ನು ಮೇಯ್ನ್‌ಗೆ ತಲಪಿಸಲು ಎಷ್ಟಾಗುತ್ತದೆಂದು ಅಮೆರಿಕದ ರಾಯಭಾರ ಕಚೇರಿಯ ಅಧಿಕಾರಿಯನ್ನು ಕೇಳಿದ. 1500 ಡಾಲರ್ ಚಿನ್ನವೆಂದು ಉತ್ತರ ಬಂದಿತು. ಅಷ್ಟಕ್ಕೂ ಒಂದೇ ಚೆಕ್ಕು ಬರೆದುಕೊಟ್ಟ. ಆ ನಲವತ್ತು ಜನ ಯಾರ ಪಟ್ಟಿಯಲ್ಲಿಯೂ ಇರಲಿಲ್ಲ. ಅವರನ್ನು ಎಣಿಸಿಕೊಂಡವನು ಒಬ್ಬನಿದ್ದ.

164 ದಿನಗಳ ತರುವಾಯ ನವೆಂಬರ್ 19ರಂದು ಹಡಗು ನ್ಯೂಯಾರ್ಕಿಗೆ ಮರಳಿತು. ಮರುದಿನವೇ ‘ಹೆರಾಲ್ಡ್’ ಪತ್ರಿಕೆಯಲ್ಲಿ ಟ್ವೈನ್ ಸಹಪ್ರವಾಸಿಗಳ ಗಂಟುಮುಖದ ಭಕ್ತಿಯನ್ನು ಲೇವಡಿ ಮಾಡಿ ಬರೆದ. ಅವರಿಗೆ ಕೋಪ ಬಂತು. ಆದರೂ ಅದೇ ಗುಂಪಿನ ಮೇರಿ ಫೇರ್‌ಬ್ಯಾಂಕ್ಸ್ ಎಂಬ ಪತ್ರಕರ್ತೆ ಆತನಿಗೆ ಬಾಳಿನುದ್ದಕ್ಕೂ ಹಿರಿಯಕ್ಕನಂತಿದ್ದರು. ಅದೇ ಗುಂಪಿನ ತರುಣ ಚಾರ್ಲ್ಸ್ ಲ್ಯಾಂಗ್ಡನ್‌ನ ಸೋದರಿ ಒಲಿವಿಯಾಳನ್ನು ಆತ 1870ರಲ್ಲಿ ವಿವಾಹವಾದ. ಸಂಗಡಿಗರನ್ನು ಹಳಿಯುತ್ತಲೇ ಸಂಸಾರವನ್ನು ಪಡೆದ ಪುಣ್ಯವಂತ! ಮುಂದೆ 1896ರಲ್ಲಿ, ಅರವತ್ತು ದಾಟಿದ ಮೇಲೆ, ಸಾಲ ತೀರಿಸಲು ಉಪನ್ಯಾಸ ಯಾತ್ರೆ ಕೈಗೊಂಡು ಆತ ನಮ್ಮ ದೇಶಕ್ಕೂ ಬಂದು ಮುಂಬಯಿ, ಕಾಶಿ, ಕಲ್ಕತ್ತಾಗಳನ್ನು ಕಂಡುಹೋದ.

ಬೇಲೂರು, ಹಳೇಬೀಡು, ಶ್ರವಣಬೆಳಗೊಳಕ್ಕೆ ನಿಮ್ಮನ್ನು ಕರೆದೊಯ್ಯುವಾಗ ನಾನು ಕಾರ್ಯಕ್ರಮದ ಹಾಳೆಯ ಮೊದಲ ಸಾಲಿನಲ್ಲಿ ಬಸ್ಸಿನ ಚಾಲಕನ ಊಟದ ಹೊತ್ತು ಮತ್ತು ನಿದ್ದೆಯ ಹೊತ್ತನ್ನು ಬರೆಯುತ್ತಿದ್ದುದು ನಿಮಗೆ ನೆನಪಿರಬಹುದು. ಇನ್ನೊಂದು ಊರು ನೋಡೋಣವೆಂದು ತರಗತಿಯೇ ಒಟ್ಟಾಗಿ ಕೂಗಿದರೂ ಆ ಸಾಲನ್ನು ನಾನು ಅಳಿಸುತ್ತಿರಲಿಲ್ಲ. ಹಣ ತರಲಾಗದೆ ಊರಿನಲ್ಲಿಯೇ ಉಳಿದ ಮಗುವಿಗಾಗಿ ಮತ ಹಾಕುವವರು ಆ ಕೂಗಿನಲ್ಲಿ ಯಾರೂ ಇರುತ್ತಿರಲಿಲ್ಲ. ಆದ್ದರಿಂದ ಪ್ರವಾಸದ ತಲಾ ವಂತಿಗೆಯನ್ನು ನಿಗದಿ ಮಾಡುವ ಮುನ್ನ ಆ ಮಗುವನ್ನು ಎಣಿಸಬೇಕಾದುದು ಮೇಷ್ಟರ ಕೆಲಸ.

ಈಗ ಪಟ್ಟಿ ತಯಾರಿಸುವ ಸರದಿ ನಿಮ್ಮದು. ಬಂದರುಗಳನ್ನು ಆರಿಸಿಕೊಳ್ಳಿ, ಒಮ್ಮತಕ್ಕೆ ಬನ್ನಿ, ಅಲ್ಲಲ್ಲಿ ಒಂದೊಂದು ದಿನವನ್ನು ಖಾಲಿ ಬಿಡಿ. ಕೊನೆಗೆ ಒಂದು ಪ್ರಶ್ನೆಯನ್ನು ಸೇರಿಸಿ: ನಮ್ಮ ಈ ಸಂತೋಷಕ್ಕಾಗಿ ದುಡಿಯುವವರು ಯಾರು, ಅವರಿಗೆ ಇಲ್ಲಿ ಮಾತನಾಡುವ ಅವಕಾಶವಿದೆಯೇ? ಹಡಗಿನ ಅಡುಗೆಯವನು, ಕೋಣೆ ಗುಡಿಸುವವಳು, ಮೊಣಕಾಲು ನೋವೆಂದು ಹೇಳಿಕೊಳ್ಳಲು ನಾಚುವ ನಿಮ್ಮ ಗುಂಪಿನ ಹಿರಿಯರು, ಇವರೆಲ್ಲ ಸಹಪ್ರವಾಸಿಗಳೇ. ಅವರನ್ನೂ ಎಣಿಸಿಕೊಂಡು ಹೊರಡಿ. ನಿಮ್ಮ ಪ್ರಯಾಣ ಸುಖಕರವಾಗಲಿ.