ಹರಳೆಣ್ಣೆ, ರಕ್ತ ಮತ್ತು ಒಂದು ಔಷಧದ ಗಾಡಿ

ಚಿಕ್ಕಂದಿನಲ್ಲಿ ಬೇಸಿಗೆ ರಜೆ ಬಂತೆಂದರೆ ಅಜ್ಜಿ ಹರಳೆಣ್ಣೆ ಕುಡಿಸುತ್ತಿದ್ದರು. ಮೂಗು ಹಿಡಿದು ನುಂಗಿ, ಮೇಲೆ ಒಂದು ಚೂರು ಬೆಲ್ಲ. ಅದೇ ಹರಳೆಣ್ಣೆ ಮುಂದೊಂದು ದಿನ ಕ್ಯಾನ್ಸರ್ ವಾರ್ಡಿನಲ್ಲಿ ಎದುರಾಗುತ್ತೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್. ಕೀಮೋ ದಿನ ಜೊತೆಗೆ ಹೋಗುವ ಪಾಳಿ ನನ್ನದು. ಔಷಧದ ಹೆಸರು ಪ್ಯಾಕ್ಲಿಟ್ಯಾಕ್ಸೆಲ್. ಅದನ್ನು ಹಾಕುವ ಮೊದಲು ಸ್ಟೀರಾಯ್ಡ್, ಅಲರ್ಜಿ ತಡೆಯುವ ಇಂಜೆಕ್ಷನ್, ಆಮೇಲೆ ಮೂರು ಗಂಟೆ ಡ್ರಿಪ್. ಮೊದಲೇ ಸಕ್ಕರೆ ಕಾಯಿಲೆ ಇರುವ ಅವರಿಗೆ ಸ್ಟೀರಾಯ್ಡ್‌ನಿಂದ ಶುಗರ್ ಏರಿ ಎರಡು ದಿನ ಪರದಾಟ. "ಇವ್ರು ಕ್ಯಾನ್ಸರಿಗೆ ಔಷಧ ಕೊಡ್ತಾರೋ, ಔಷಧಕ್ಕೆ ಔಷಧ ಕೊಡ್ತಾರೋ?" ಅಂತ ಒಂದು ದಿನ ಕೇಳಿಯೇಬಿಟ್ಟರು. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ಕಥೆ.

ಶುರುವಾಗೋದು 1962ರಲ್ಲಿ. ಗಿಡಮೂಲಿಕೆಗಳಲ್ಲಿ ಕ್ಯಾನ್ಸರ್ ಔಷಧ ಹುಡುಕುವ ಅಮೆರಿಕ ಸರ್ಕಾರದ ಯೋಜನೆಯೊಂದಕ್ಕಾಗಿ ಆರ್ಥರ್ ಬಾರ್ಕ್ಲೇ ಎಂಬ ಸಸ್ಯವಿಜ್ಞಾನಿ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ 'ಪೆಸಿಫಿಕ್ ಯೂ' ಎಂಬ ಮರದ ತೊಗಟೆ ಕಿತ್ತು ತಂದರು. ಅದರಿಂದ ಔಷಧವನ್ನು ಬೇರ್ಪಡಿಸಿ 1971ರಲ್ಲಿ ಅದರ ರಚನೆ ಪ್ರಕಟಿಸಿದವರು ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ. ಹೌದು, ವಾನಿ ನಮ್ಮವರೇ. ಹುಟ್ಟಿದ್ದು ಮಹಾರಾಷ್ಟ್ರದ ನಂದೂರ್‌ಬಾರ್‌ನಲ್ಲಿ. 1979ರಲ್ಲಿ ಸೂಸನ್ ಹಾರ್ವಿಟ್ಜ್ ಇದು ಕೆಲಸ ಮಾಡುವ ರೀತಿ ಕಂಡುಹಿಡಿದರು. ಜೀವಕೋಶ ಎರಡಾಗುವಾಗ ಒಳಗೆ ಹಗ್ಗದಂಥ ಎಳೆಗಳು ಕಟ್ಟಿಕೊಂಡು, ಕೆಲಸ ಮುಗಿದಮೇಲೆ ಬಿಚ್ಚಿಕೊಳ್ಳಬೇಕು. ಈ ಔಷಧ ಅವು ಬಿಚ್ಚಿಕೊಳ್ಳದ ಹಾಗೆ ಗಟ್ಟಿ ಹಿಡಿಯುತ್ತೆ. ಕೋಶ ಅಲ್ಲೇ ಸಿಕ್ಕಿಕೊಂಡು ಸಾಯುತ್ತೆ.

ಎಲ್ಲಾ ಸರಿ, ಒಂದೇ ತೊಂದರೆ. ಇದು ನೀರಿನಲ್ಲಿ ಕರಗೋದೇ ಇಲ್ಲ! ಕರಗದೆ ರಕ್ತಕ್ಕೆ ಹಾಕೋದು ಹೇಗೆ?

ಆಗ ಸಿಕ್ಕಿದ್ದು ಕ್ರೆಮೋಫೋರ್. ನಮ್ಮ ಹರಳೆಣ್ಣೆಗೆ ಎಥಿಲೀನ್ ಆಕ್ಸೈಡ್ ಸೇರಿಸಿ ಮಾಡಿದ ದ್ರಾವಕ. ಅರ್ಧ ಕ್ರೆಮೋಫೋರ್, ಅರ್ಧ ಆಲ್ಕೋಹಾಲ್, ಅದರಲ್ಲಿ ಮಿಲಿಲೀಟರಿಗೆ 6 ಮಿಲಿಗ್ರಾಂ ಔಷಧ. ಕುತೂಹಲಕ್ಕೆ ಲೆಕ್ಕ ಹಾಕಿದೆ. ಒಬ್ಬರಿಗೆ ಒಂದು ಸಲಕ್ಕೆ 280 ಮಿಲಿಗ್ರಾಂ ಔಷಧ ಹೋಗಬೇಕೆಂದರೆ ಜೊತೆಗೆ ಸುಮಾರು 25 ಗ್ರಾಂ ಕ್ರೆಮೋಫೋರ್ ಹೋಗುತ್ತೆ. ಅಂದ್ರೆ ಔಷಧದ ತೊಂಬತ್ತು ಪಟ್ಟು ಗಾಡಿ!

1984ರಲ್ಲಿ ರೋಗಿಗಳ ಮೇಲೆ ಪ್ರಯೋಗ ಶುರುವಾದಾಗ ಕೆಲವರಿಗೆ ಉಸಿರು ಕಟ್ಟಿತು, ರಕ್ತದೊತ್ತಡ ಕುಸಿಯಿತು. ಸಾವೂ ಆಯಿತು. ಯೋಜನೆ ನಿಂತೇಹೋಗುವುದರಲ್ಲಿತ್ತು. ಮುಖ್ಯ ಅನುಮಾನ ಬಿದ್ದದ್ದು ದ್ರಾವಕದ ಮೇಲೆ. ನಿಧಾನವಾಗಿ ಹನಿಸಿ, ಮೊದಲೇ ಸ್ಟೀರಾಯ್ಡ್ ಕೊಟ್ಟು ಹೇಗೋ ಸಂಭಾಳಿಸಿದರು. 1992ರ ಡಿಸೆಂಬರಿನಲ್ಲಿ ಅಂಡಾಶಯದ ಕ್ಯಾನ್ಸರಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಇದೇ. ಅವರ ಶುಗರ್ ಏರಿಸಿದ ಸ್ಟೀರಾಯ್ಡ್ ಬಹುಮಟ್ಟಿಗೆ ಗಾಡಿಯ ಕಾಟ ತಡೆಯೋದಕ್ಕೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಪ್ರೋಗ್ರಾಂ ಸರಿಯಾಗೇ ಇತ್ತು, ಬಗ್ ಇದ್ದದ್ದು ಇನ್‌ಸ್ಟಾಲರ್‌ನಲ್ಲಿ :)

ಇಲ್ಲಿಗೆ ಬರುತ್ತೆ ನೋಡಿ ಅಲ್ಬುಮಿನ್. ಹೆಸರು ಮೊಟ್ಟೆಯ ಬಿಳಿಭಾಗದಿಂದ ಬಂದದ್ದಾದರೂ ಇಲ್ಲಿ ಹೇಳುತ್ತಿರೋದು ನಮ್ಮ ರಕ್ತದಲ್ಲೇ ಇರುವ ಅಲ್ಬುಮಿನ್. 585 ಅಮೈನೋ ಆಮ್ಲಗಳ ಮಣಿಸರ, ಪ್ರಕೃತಿಯೇ ಪೋಣಿಸಿದ ಪಾಲಿಮರ್. ನೀರಿನಲ್ಲಿ ಕರಗದ ಕೊಬ್ಬಿನ ಆಮ್ಲ, ಬಿಲಿರುಬಿನ್ ಮುಂತಾದವನ್ನು ಮೈಯೆಲ್ಲಾ ಹೊತ್ತು ತಿರುಗೋದು ಇದರ ಕೆಲಸ. ಅಂದರೆ ಕೂಲಿ ಮನೆಯಲ್ಲೇ ಇದ್ದ, ನಾವು ಊರೆಲ್ಲಾ ಹುಡುಕಿದೆವು!

ಅಲ್ಬುಮಿನ್ ವೈದ್ಯರಿಗೆ ಹೊಸದೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಾರ್ವರ್ಡಿನ ಎಡ್ವಿನ್ ಕೋನ್ ರಕ್ತದಿಂದ ಇದನ್ನು ಬೇರ್ಪಡಿಸುವ ವಿಧಾನ ರೂಪಿಸಿದರು. 1941ರಲ್ಲಿ ಪರ್ಲ್ ಹಾರ್ಬರ್ ಗಾಯಾಳುಗಳಿಗೂ ಅದನ್ನು ಕೊಟ್ಟಿದ್ದರು. ಪ್ಯಾಕ್ಲಿಟ್ಯಾಕ್ಸೆಲ್ ಅನ್ನು ಇದಕ್ಕೆ ಹೊರಿಸಿದ್ದು ಮಾತ್ರ ಬಹಳ ತಡವಾಗಿ. ಪ್ಯಾಟ್ರಿಕ್ ಸೂನ್-ಶಿಯಾಂಗ್, ನೀಲ್ ದೇಸಾಯಿ ಮತ್ತವರ ತಂಡ ದಾನಿಗಳ ರಕ್ತದಿಂದ ತೆಗೆದ ಅಲ್ಬುಮಿನ್ ಮತ್ತು ಔಷಧವನ್ನು ಭಾರೀ ಒತ್ತಡದಲ್ಲಿ ಬೆರೆಸಿ ಸುಮಾರು 130 ನ್ಯಾನೋಮೀಟರಿನ ಕಣಗಳನ್ನು ಮಾಡಿತು. ಒಂದು ಕೂದಲಿನ ದಪ್ಪಕ್ಕೆ ಇಂಥವು ನೂರಾರು ಸಾಲಾಗಿ ನಿಲ್ಲಬಹುದು. ಅದೇ ಅಬ್ರಾಕ್ಸೇನ್. 2005ರ ಜನವರಿಯಲ್ಲಿ ಹರಡಿದ ಸ್ತನ ಕ್ಯಾನ್ಸರಿಗೆ ಅನುಮತಿ. ಪರೀಕ್ಷೆಯಲ್ಲಿ ಗಡ್ಡೆ ಕುಗ್ಗಿದ್ದು 33% ಜನರಲ್ಲಿ, ಹಳೆಯ ರೂಪದಲ್ಲಿ 19%. ಸಾಮಾನ್ಯವಾಗಿ ಸ್ಟೀರಾಯ್ಡ್ ಮೊದಲೇ ಕೊಡಬೇಕಾಗಿಲ್ಲ, ಮೂರು ಗಂಟೆಯ ಡ್ರಿಪ್ ಅರ್ಧ ಗಂಟೆಗೆ ಇಳಿಯಿತು. 2013ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೂ ಬಂತು. ಅಲ್ಲಿ ಜೆಮ್‌ಸೈಟಬೀನ್ ಜೊತೆ ಸೇರಿಸಿದಾಗ ಸರಾಸರಿ ಆಯಸ್ಸು 6.7 ತಿಂಗಳಿಂದ 8.5ಕ್ಕೆ ಏರಿತು. ಓದುವವರಿಗೆ ಚಿಕ್ಕ ಸಂಖ್ಯೆ. ಮನೆಯವರಿಗೆ ಒಂದು ಯುಗಾದಿ ಹೆಚ್ಚು.

ಜೊತೆಗೊಂದು ರೋಚಕ ಕಥೆಯೂ ಹುಟ್ಟಿಕೊಂಡಿತು. ಗಡ್ಡೆಯಲ್ಲಿ ಸ್ಪಾರ್ಕ್ ಎಂಬ ಪ್ರೋಟೀನ್ ಇದೆ, ಅದು ಅಲ್ಬುಮಿನ್ನನ್ನು ಸೆಳೆಯುತ್ತೆ, ಔಷಧ ರಾಮಬಾಣದ ಹಾಗೆ ನೇರ ಗುರಿಗೆ ಹೋಗುತ್ತೆ ಅಂತ. ನನಗೂ ಇದು ತುಂಬಾ ಇಷ್ಟವಾಗಿತ್ತು. ಆದರೆ 2015ರಲ್ಲಿ ಮೇದೋಜೀರಕ ಪರೀಕ್ಷೆಯ ಮಾದರಿಗಳನ್ನು ಜಾಲಾಡಿದಾಗ ಸ್ಪಾರ್ಕ್ ಹೆಚ್ಚಿದ್ದವರಿಗೆ ಹೆಚ್ಚು ಲಾಭವೇನೂ ಆಗಿರಲಿಲ್ಲ. ಅದೇ ವರ್ಷ ಬಂದ ಇನ್ನೊಂದು ದೊಡ್ಡ ಸ್ತನ ಕ್ಯಾನ್ಸರ್ ಪರೀಕ್ಷೆಯಲ್ಲಿ, ವಾರಕ್ಕೊಮ್ಮೆ ಕೊಡುವ ಹಳೆಯ ಪ್ಯಾಕ್ಲಿಟ್ಯಾಕ್ಸೆಲ್‌ಗಿಂತ ಇದು ಮೇಲು ಅಂತ ಸಾಬೀತಾಗಲಿಲ್ಲ. ನರಗಳ ತೊಂದರೆ ಇದರಲ್ಲೇ ಹೆಚ್ಚು.

ಹಾಗಾದರೆ ಅಲ್ಬುಮಿನ್ ಮಾಡಿದ್ದೇನು? ನನಗನ್ನಿಸೋದು ಇಷ್ಟು. ಅದು ರಾಮಬಾಣ ಆಗಲಿಲ್ಲ, ಒಳ್ಳೆಯ ಗಾಡಿ ಆಯಿತು. ಶತ್ರುವನ್ನು ಹುಡುಕಿ ಹೊಡೆಯಲಿಲ್ಲ, ದಾರಿಯಲ್ಲಿ ನಮ್ಮವರಿಗೆ ಗುದ್ದೋದನ್ನು ನಿಲ್ಲಿಸಿತು. ಗುರಿ ಬಗ್ಗೆ ಎಲ್ಲರೂ ಮಾತಾಡ್ತಾರೆ, ಗಾಡಿಯನ್ನು ಯಾರೂ ಹೊಗಳೋದಿಲ್ಲ.

ನಾಲ್ಕನೇ ಸಲದಿಂದ ಡಾಕ್ಟರು ಚಿಕ್ಕಮ್ಮನಿಗೆ ಅಲ್ಬುಮಿನ್ ರೂಪಕ್ಕೆ ಬದಲಾಯಿಸಿದರು. ಬಿಲ್ಲು ನೋಡಿ ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅರ್ಧ ಗಂಟೆಯಲ್ಲಿ ಡ್ರಿಪ್ ಮುಗಿಯಿತು. ಶುಗರ್ ಏರಲಿಲ್ಲ. ಬೆರಳ ತುದಿಯ ಜೋಮು ಮಾತ್ರ ಹೋಗಿಲ್ಲ, ಹೂ ಕಟ್ಟುವಾಗ ದಾರ ಕೈಗೆ ಸಿಗೋದಿಲ್ಲ ಅಂತಾರೆ. ಅದು ಗಾಡಿಯ ತಪ್ಪಲ್ಲ, ಔಷಧದ್ದೇ ಅಂತ ವಿವರಿಸಿದೆ.

"ಯಾರದ್ದೋ ರಕ್ತದ್ದಂತಲ್ಲ ಇದು, ಪುಣ್ಯಾತ್ಮರು" ಅಂದರು. ಅಷ್ಟೆಲ್ಲಾ ಓದಿದ ನನಗೆ ಅದು ಹೊಳೆದೇ ಇರಲಿಲ್ಲ.