ಚಿನ್ನದೂರಿನ ಓಟಗಾರನೂ ಕಾಲೇಜಿನ ಸೀಟೂ

ನಮ್ಮ ಬಂಗಾರಪೇಟೆ ಕಡೆಯ ಹುಡುಗರು ಆಗಾಗ ಕೇಳ್ತಾರೆ, "ಅಣ್ಣಾ, ಆಟದಲ್ಲಿ ಮುಂದಿದ್ರೆ ಕಾಲೇಜಲ್ಲಿ ಸೀಟು ಸಿಗುತ್ತಾ?" ಸಿಗುತ್ತೆ. ಆದರೆ ಕೆಜಿಎಫ್‌ನ ಹಳೇ ತಲೆಮಾರಿನವರಿಗೆ ಆಟ ಅಂದರೆ ಕೆಲಸಕ್ಕೆ ದಾರಿ, ಸೀಟಿನ ಮಾತು ಆಮೇಲೆ ಬಂದದ್ದು.

ಕೆನೆತ್ ಪೊವೆಲ್ ಹೆಸರು ಎಷ್ಟು ಜನಕ್ಕೆ ಗೊತ್ತೋ? 1940ರಲ್ಲಿ ಕೆಜಿಎಫ್‌ನಲ್ಲಿ ಹುಟ್ಟಿದವರು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಓಡಿದರು. ಅಲ್ಲಿ ನಮ್ಮ 4x100 ಮೀಟರ್ ರಿಲೇ ತಂಡ ಸೆಮಿಫೈನಲ್ ತನಕ ಹೋಗಿತ್ತು. 1965ರಲ್ಲಿ ಅರ್ಜುನ ಪ್ರಶಸ್ತಿ, 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ರಿಲೇ ಕಂಚು. 2022ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಇವರ ಬೆನ್ನಿಗೆ ನಿಂತದ್ದು ಬೆಂಗಳೂರಿನ ಐಟಿಐ, ಅಂದರೆ ಟೆಲಿಫೋನ್ ಕಾರ್ಖಾನೆ!

ಅದೇ ಕಾಲದ ಅಮೆರಿಕಾ ನೋಡಿ. 1956ರಲ್ಲಿ ಅಲ್ಲಿನ ಎನ್‌ಸಿಎಎ ಕ್ರೀಡಾ ವಿದ್ಯಾರ್ಥಿವೇತನಕ್ಕೆ ಅಧಿಕೃತವಾಗಿ ಒಪ್ಪಿಗೆ ಕೊಟ್ಟಿತು. ಕೋಚುಗಳು ಹೈಸ್ಕೂಲ್ ಮೈದಾನಕ್ಕೇ ಹುಡುಕಿಕೊಂಡು ಬರ್ತಾರೆ. ನಮ್ಮಲ್ಲಿ ಆ ಕೆಲಸ ಮಾಡಿದ್ದು ರೈಲ್ವೆ, ಐಟಿಐ, ಎಚ್‌ಎಎಲ್‌ನಂಥವು. ಸಂಬಳ ಬರುತ್ತಿತ್ತು, ಮನೆ ನಡೆಯುತ್ತಿತ್ತು. ಓದು ಮಾತ್ರ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತಿತ್ತು. ಆ ಕಾಲಕ್ಕೆ ಅದು ಒಳ್ಳೆಯ ವ್ಯಾಪಾರವೇ ಅನ್ನಿಸುತ್ತೆ ನನಗೆ.

2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಊರಿಗೆ ಊರೇ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟಿತು. ಈಗ ಆಟ ನಂಬಿದ ಮಕ್ಕಳಿಗೆ ಕಾಲೇಜೇ ಗತಿ.

ದಾರಿಗಳಿವೆ. ವೃತ್ತಿಪರ ಕೋರ್ಸಿಗೆ ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ, ಆದರೆ ಸೀಟು ಬಹಳ ಕಡಿಮೆ. ಅರ್ಜಿ ಹಾಕುವಾಗಲೇ ಕೋಟಾ ಕೇಳಬೇಕು, ಪರೀಕ್ಷೆಯನ್ನಂತೂ ಬರೆಯಲೇಬೇಕು. ತಾಲ್ಲೂಕು ಮಟ್ಟದ ಕಪ್ಪು ಶೋಕೇಸಿಗೆ ಚೆಂದ ಅಷ್ಟೇ :) ರಾಜ್ಯ, ರಾಷ್ಟ್ರ ಮಟ್ಟದ ಪ್ರಮಾಣಪತ್ರ ಬೇಕು. ಹೈಸ್ಕೂಲಿನಿಂದಲೇ ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಪಾನವಾಗಿಡಿ.

ಡಿಗ್ರಿಗೆ ಸೇರಿದ ಮೇಲೆ ಅಂತರ್ ಕಾಲೇಜು ಕೂಟ, ಅಲ್ಲಿಂದ ವಿಶ್ವವಿದ್ಯಾಲಯದ ತಂಡ, ಆಮೇಲೆ ಅಖಿಲ ಭಾರತ ಅಂತರ್ ವಿಶ್ವವಿದ್ಯಾಲಯ ಕೂಟ. ಆಯ್ಕೆಗಾರರ ಕಣ್ಣು ಬೀಳೋದು ಅಲ್ಲೇ. 2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕೂಟ ಬೆಂಗಳೂರಲ್ಲೇ ನಡೆಯಿತು. ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದ ಕ್ರೀಡಾಪಟುಗಳಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೆ, ತರಬೇತಿಯ ವೆಚ್ಚ ಬೇರೆ.

ಅಪ್ಪ ಅಮ್ಮಂದಿರು ಮೊದಲು ಕೇಳೋದು ಫೀಸು ಎಷ್ಟು ಬಿಡ್ತಾರೆ ಅಂತ. ನಾನಾದರೆ ಹಾಸ್ಟೆಲ್ ಇದೆಯಾ ಅಂತ ಕೇಳ್ತೀನಿ. ಬಂಗಾರಪೇಟೆಯಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ದಿನಾ ಹೋಗಿ ಬರುವ ಹುಡುಗಿ ಬೆಳಗಿನ ಅಭ್ಯಾಸದ ಹೊತ್ತಿಗೆ ರೈಲಿನಲ್ಲಿರ್ತಾಳೆ, ಸಂಜೆಯದಕ್ಕೂ ರೈಲಿನಲ್ಲೇ. ಮೂಡಬಿದಿರೆಯ ಆಳ್ವಾಸ್ ಕ್ರೀಡಾಪಟುಗಳನ್ನು ದತ್ತು ತಗೊಂಡು ಓದು, ಊಟ, ವಸತಿ ಎಲ್ಲ ಕೊಡುತ್ತೆ. ದೂರ ನಿಜ. ಆದರೆ ಅಲ್ಲಿ ಮೈದಾನದ ಪಕ್ಕದಲ್ಲೇ ಮಲಗಬಹುದು.